ಬ್ರಾಡ್‌ಬ್ಯಾಂಡ್ ಮನೆ ಹೊಕ್ಕ ವೆಚ್ಚ

ನನ್ನ ಒಂದು ದೌರ್ಬಲ್ಯವನ್ನು ಮೊದಲಿಗೇ ಒಪ್ಪಿಕೊಂಡುಬಿಡುತ್ತೇನೆ. ಅಚ್ಚಾದ ಅರ್ಜಿಯ ನಮೂನೆಯನ್ನು ಕಂಡರೆ ನನಗೆ ಹಸಿವಾಗುತ್ತದೆ. ಹೂರಣದ ಹೋಳಿಗೆಯನ್ನು ಕಂಡವರ ಬಾಯಲ್ಲಿ ನೀರೂರುವಂತೆ, ಚುಕ್ಕಿಗಳ ಸಾಲನ್ನು ಕಂಡೊಡನೆ ನನ್ನ ಬೆರಳುಗಳು ಲೇಖನಿಯನ್ನು ತಡಕಾಡತೊಡಗುತ್ತವೆ. ಹದಿನೇಳು ವರ್ಷ ಗುಳೇದಗುಡ್ಡದ ಒಂದು ಪ್ರೌಢಶಾಲೆಯಲ್ಲಿ ಕನ್ನಡವನ್ನು ಕಲಿಸಿ, ವಿಭಕ್ತಿಪ್ರತ್ಯಯವನ್ನು ನುಂಗಿದ ಮಕ್ಕಳಿಂದ ಅದನ್ನು ಹತ್ತು ಸಲ ಕಕ್ಕಿಸಿ, ಕಡೆಗೆ ಗಂಟಲು ಕೈಕೊಟ್ಟದ್ದರಿಂದ ಕೆಲಸವನ್ನು ಬಿಟ್ಟವಳು ನಾನು. ಶಾಲೆ ನನ್ನನ್ನು ಬಿಟ್ಟಿತು. ಶಿಸ್ತು ಮಾತ್ರ ಬಿಡಲಿಲ್ಲ.

ಹೊಸ ಶತಮಾನಕ್ಕೆ ಆಗ ಆರೋ ಏಳೋ ವರ್ಷ. ಮನೆಯ ದೂರವಾಣಿಯ ತಂತಿಯಲ್ಲಿಯೇ ಬ್ರಾಡ್‌ಬ್ಯಾಂಡ್ ಎಂಬುದೊಂದು ಹರಿದುಬರುತ್ತದೆಂಬ ಸುದ್ದಿಯ ಹಿಂದೆಯೇ ಅದರ ಅರ್ಜಿಯೂ ನಮ್ಮ ಊರಿಗೆ ಬಂದಿತು. ‘ಅರ್ಜಿದಾರರ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆಯತಕ್ಕದ್ದು’ ಎಂದು ಅದರ ನೆತ್ತಿಯ ಮೇಲಿತ್ತು. ಕನ್ನಡದಲ್ಲಿ ಎಲ್ಲ ಅಕ್ಷರಗಳೂ ಹುಟ್ಟಿನಿಂದ ಸಮಾನರು. ಇಂಗ್ಲಿಷಿನವರ ಹಾಗೆ ನಮ್ಮಲ್ಲಿ ಹಿರಿಯ ಅಕ್ಷರ, ಕಿರಿಯ ಅಕ್ಷರ ಎಂಬ ಪಂಕ್ತಿಭೇದವಿಲ್ಲ. ಆದರೂ ಆಜ್ಞೆ ಆಜ್ಞೆಯೇ. ನನ್ನ ಹೆಸರನ್ನು ಹೆಬ್ಬೆರಳಿನ ಗಾತ್ರದಲ್ಲಿ ಬರೆದೆ. ಅದು ತಂದೆಯ ಹೆಸರಿನ ಸಾಲನ್ನು ದಾಟಿ, ಓಣಿಯ ಹೆಸರನ್ನು ತುಳಿದು, ‘ಕಚೇರಿಯ ಉಪಯೋಗಕ್ಕೆ ಮಾತ್ರ’ ಎಂಬ ನಿಷಿದ್ಧ ಪ್ರದೇಶಕ್ಕೆ ಕಾಲಿಟ್ಟಿತು. ಗುಮಾಸ್ತರು ಅದನ್ನು ದೂರ ಹಿಡಿದು ನೋಡಿ, “ಅಕ್ಕಾರ, ಇದು ಅರ್ಜಿ ಐತೋ ಬೋರ್ಡ ಐತೋ?” ಎಂದರು. ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲರೂ ಊರಿಗೇ ಅಕ್ಕಾರು. ಕೆಲಸ ಬಿಟ್ಟರೂ ಅಕ್ಕಾರತನ ಹೋಗುವುದಿಲ್ಲ.

ಅರ್ಜಿಯ ಬೆನ್ನಿನಲ್ಲಿ ವೆಚ್ಚದ ವಿವರವಿತ್ತು. ಠೇವಣಿ, ಮೋಡೆಮಿನ ಬಾಡಿಗೆ, ತಿಂಗಳ ಶುಲ್ಕ: ಮೂರೇ ಸಾಲು. ಅಚ್ಚಾದದ್ದನ್ನೆಲ್ಲ ನಂಬುವುದು ನನ್ನ ವೃತ್ತಿದೋಷ. ಮೂರು ಸಾಲನ್ನೂ ಎರಡೆರಡು ಸಲ ಓದಿ, ಇಷ್ಟೇ ಎಂದುಕೊಂಡು ಸಹಿ ಹಾಕಿದೆ. ಮದುವೆಗೆ ತಗಲುವ ಖರ್ಚು ತಾಳಿ, ಅಕ್ಷತೆ, ಬಾಸಿಂಗ ಎಂಬ ಮೂರೇ ಬಾಬು ಎಂದು ನಂಬಿ ಮಗಳ ಮದುವೆಗೆ ಹೊರಟವರಿಗೂ ನನಗೂ ಏನೂ ವ್ಯತ್ಯಾಸವಿರಲಿಲ್ಲ.

ನನಗೆ ಈ ಬ್ರಾಡ್‌ಬ್ಯಾಂಡ್ ಏಕೆ ಬೇಕಾಯಿತೆಂದು ನೀವು ಕೇಳಬೇಕು. ಬೇಕಾದದ್ದು ನನಗಲ್ಲ, ಎರಡು ಮಗ್ಗಗಳಿಗೆ. ಅಣ್ಣ ತೀರಿಕೊಂಡ ಮೇಲೆ ಅವನ ನಾಲ್ಕು ಕುಣಿಮಗ್ಗಗಳನ್ನು ನಡೆಸಿಕೊಂಡು ಬಂದವರು ಅವನ ಹೆಂಡತಿ, ನನ್ನ ಪಾರ್ವತಿ ವೈನಿ. ಮನೆಯಲ್ಲಿ ನಾವಿಬ್ಬರೇ. ನಾಲ್ಕು ಮಗ್ಗಗಳಲ್ಲಿಯೂ ಕುಪ್ಪಸದ ಖಣವನ್ನು ನೇಯಿಸುತ್ತಿದ್ದೆವು. ವಿದ್ಯುತ್ ಮಗ್ಗದ ಅಗ್ಗದ ಖಣ ಸಂತೆಯನ್ನು ತುಂಬಿದ ಮೇಲೆ ನಮ್ಮ ಎರಡು ಮಗ್ಗಗಳು ಬಾಯಿ ಮುಚ್ಚಿದವು. ಒಂದರ ಕಾಲಿಳಿಬಿಡುವ ಕುಣಿಯಲ್ಲಿ ಬೆಕ್ಕು ಮರಿ ಹಾಕಿತು. ಇನ್ನೊಂದರ ಮೇಲೆ ವೈನಿ ಶೇಂಗಾದ ಚೀಲಗಳನ್ನು ಇಟ್ಟರು. ಕಟ್ಟಿಗೆ ಅಡ್ಡೆಯವನು ಒಮ್ಮೆ ಬಂದು, ಮಗ್ಗದ ತೊಲೆಯನ್ನು ಬೆರಳಿನಿಂದ ಬಡಿದು ನೋಡಿ, ಸಾಗವಾನಿ ಎಂದು ತಲೆಯಾಡಿಸಿ ಹೋಗಿದ್ದ. “ದಸರಾ ತನಕ ನೋಡೋಣು ಸುಶಿ. ಆಮ್ಯಾಲ ಅವಗ ಕೊಟ್ಟ ಕೈ ತೊಳಕೊಳ್ಳೋಣು” ಎಂದರು ವೈನಿ. ಹೀಗೆ ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ, ಬೆಕ್ಕಿನ ಕಡೆ ನೋಡಿದರು.

ಅಂಥದರಲ್ಲಿ ಮೈಸೂರಿನಿಂದ ಒಂದು ಕಾಗದ ಬಂದಿತು. ಅಲ್ಲಿ ಬಟ್ಟೆಯಂಗಡಿಯನ್ನು ಇಟ್ಟಿರುವ ಒಬ್ಬ ಮಹಿಳೆ ಬಾದಾಮಿಯ ಗುಹೆಗಳನ್ನು ನೋಡಲು ಬಂದಾಗ ನಮ್ಮ ಖಣವನ್ನು ಎಲ್ಲಿಯೋ ಕಂಡು ಮೆಚ್ಚಿದ್ದರಂತೆ. ಇನ್ನೂರು ಖಣ ಬೇಕು. ಹಿಡಿಸಿದರೆ ವರ್ಷವರ್ಷವೂ ಬೇಕು. ಆದರೆ ನೇಯುವುದಕ್ಕೆ ಮೊದಲು, ಬಣ್ಣ ಹಾಕಿದ ನೂಲಿನ ಚಿತ್ರವನ್ನು ಇ-ಮೇಲಿನಲ್ಲಿ ಕಳುಹಿಸಬೇಕು. ಬಣ್ಣವನ್ನು ಅವರು ಒಪ್ಪಬೇಕು. ಬೇಡಿಕೆಯಿದ್ದರೆ ಮಗ್ಗ ಉಳಿಯುತ್ತದೆ. ಇಲ್ಲದಿದ್ದರೆ ಅಡ್ಡೆಗೆ ಹೋಗುತ್ತದೆ. ಬಾಗಲಕೋಟೆಯಲ್ಲಿ ಬಾಗಿಲು ಮುಚ್ಚಿದ ಒಂದು ಸೈಬರ್ ಕೆಫೆಯಿಂದ ಹಳೆಯ ಕಂಪ್ಯೂಟರನ್ನು ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಕೂಡಿಸಿಕೊಂಡು ಬಂದೆ. ಅದಕ್ಕೂ ಅರ್ಧ ಟಿಕೆಟು ತೆಗೆಸಿದರು.

ಬ್ರಾಡ್‌ಬ್ಯಾಂಡಿನ ತಾಯಿಬೇರಿನ ಪರಿಚಯ ನಮ್ಮ ಊರಿಗೆ ಮೊದಲೇ ಆಗಿತ್ತು. ಅದಕ್ಕೆ ಒಂದೆರಡು ವರ್ಷ ಮುಂಚೆ ರಸ್ತೆಯ ಮಗ್ಗುಲಲ್ಲಿ ಉದ್ದಕ್ಕೆ ಅಗೆದು ಕಿತ್ತಳೆ ಬಣ್ಣದ ಕೊಳವೆಯನ್ನು ಹೂಳಿದ್ದರು. ದೇಶಕ್ಕೆಲ್ಲ ಹಬ್ಬಿದ ಜಾಲವಂತೆ, ಅದರೊಳಗೆ ಹೋಗುವುದು ಕೂದಲಿನಂಥ ಗಾಜಿನ ಎಳೆಯಂತೆ. ನೇಕಾರರ ಊರಿನಲ್ಲಿ ಎಳೆಯ ವಿಷಯವನ್ನು ಸುಮ್ಮನೆ ಹೇಳಿ ಪಾರಾಗುವುದು ಸಾಧ್ಯವಿಲ್ಲ. ಅರ್ಧ ಊರು ಕಾಲುವೆಯ ದಂಡೆಗೆ ಬಂದು ನಿಂತಿತು. ವೈನಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಲಸ ಮಾಡಿಸುತ್ತಿದ್ದ ಹರೆಯದ ಎಂಜಿನಿಯರನನ್ನು ವಿಚಾರಿಸಿಯೇಬಿಟ್ಟರು.

“ಎಳಿ ಎಷ್ಟ ನಂಬರಿಂದ್ರಿ, ತಮ್ಮಾ?”

ನೂಲಿನ ಸಪೂರವನ್ನು ನಂಬರಿನಲ್ಲಿ ಹೇಳುತ್ತಾರೆಂಬುದು ಅವನಿಗೆ ತಿಳಿಯದು.

“ಹೋಗ್ಲಿ. ಹರದ್ರ ಹೆಂಗ ಗಂಟ ಹಾಕ್ತೀರಿ? ಗಾಜು ಗಂಟಿಗಿ ಬಗ್ಗೂದಿಲ್ಲಲಾ.”

ಕಾಯಿಸಿ ಬೆಸೆಯುತ್ತೇವೆ ಎಂದನವನು. ಓಣಿಯೆಲ್ಲವೂ ಅವನನ್ನು ಕನಿಕರದಿಂದ ನೋಡಿತು. ಗಂಟು ಹಾಕಲು ಬಾರದ ಎಳೆಯನ್ನು ನೂರಾರು ಹರದಾರಿ ಎಳೆಯುವ ಸಾಹಸಕ್ಕೆ ನಮ್ಮಲ್ಲಿ ಯಾರೂ ಬಂಡವಾಳ ಹಾಕುತ್ತಿರಲಿಲ್ಲ.

ಆ ಗಾಜಿನ ಎಳೆ ಊರಿನ ದೂರವಾಣಿ ಕಚೇರಿಯವರೆಗೆ ಮಾತ್ರ ಬರುತ್ತಿತ್ತು. ಅಲ್ಲಿಂದ ಮನೆಯವರೆಗೆ ಹಳೆಯ ತಾಮ್ರದ ತಂತಿಯೇ ಗತಿ. ನಮ್ಮ ತಂತಿಯನ್ನು ಪರೀಕ್ಷಿಸಲು ಬಂದ ಲೈನ್‌ಮನ್ ಸಂಗಪ್ಪ, ಅದರಲ್ಲಿ ಹನ್ನೊಂದು ಕಡೆ ಗಂಟುಗಳನ್ನು ಎಣಿಸಿ ಹೊಸ ತಂತಿಯನ್ನೇ ಎಳೆಯಬೇಕೆಂದ. ಮಾತನಾಡುವುದಕ್ಕೆ ಗಂಟು ನಡೆಯುತ್ತದೆ, ಬ್ರಾಡ್‌ಬ್ಯಾಂಡಿಗೆ ನಡೆಯುವುದಿಲ್ಲವಂತೆ. ಸಂಗಪ್ಪ ತನ್ನ ಕೆಲಸವನ್ನು ಬಲ್ಲವನು, ಸಮಯಪ್ರಜ್ಞೆಯುಳ್ಳವನು. ಯಾವ ಮನೆಯಲ್ಲಿ ಯಾವ ಹೊತ್ತಿಗೆ ರೊಟ್ಟಿಯ ಸಪ್ಪಳ ಕೇಳುತ್ತದೆಂಬುದು ಅವನಿಗೆ ಕಂಬದ ಮೇಲಿನಿಂದಲೇ ಗೊತ್ತಾಗುತ್ತಿತ್ತು. ನಾಲ್ಕು ದಿನ ಬಂದ. ನಾಲ್ಕು ದಿನವೂ ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಅಗಸಿ ಚಟ್ನಿ. “ಚಟ್ನಿ ಹಿಂಗಿದ್ರ ಸಿಗ್ನಲ್ ತಾನಾ ಬರತೈತ್ರಿ” ಎಂದು ವೈನಿಯನ್ನು ಹೊಗಳುತ್ತಿದ್ದ. ನನ್ನ ಮೂರು ಸಾಲಿನ ಪಟ್ಟಿಗೆ ನಾಲ್ಕನೆಯ ಸಾಲು ಸೇರಿದ್ದು ಹೀಗೆ.

ಐದನೆಯದು ನೀರು. ಕಂಪ್ಯೂಟರಿಗೆ ಸಿಡಿಲಿನ ಭಯವಿರುವುದರಿಂದ ಹಿತ್ತಲಿನಲ್ಲಿ ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿ, ತಗಡನ್ನು ಹೂತು ಅರ್ಥಿಂಗ್ ಮಾಡಿಸಬೇಕಾಯಿತು. ಅದರ ಬಾಯಿ ಒಣಗಬಾರದು, ದಿನವೂ ಒಂದು ಕೊಡ ನೀರನ್ನು ಹಾಕಬೇಕು. ನಳದಲ್ಲಿ ಐದು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ಉಪ್ಪಿನ ಗುಂಡಿಗೆ ದಿನವೂ ಒಂದು ಕೊಡ. “ಹಿರೇ ಮಾವನವ್ರಿಗೂ ಇಷ್ಟ ನೀರ ಕೊಟ್ಟಿದ್ದಿಲ್ಲ ನಾ” ಎಂದರು ವೈನಿ. ಆರನೆಯದು ಪೋಷಾಕು. ಧೂಳು ಕೂಡಬಾರದೆಂದು ವೈನಿ ಮೋಡೆಮಿಗೆ ಖಣದ ಒಂದು ಅಂಗಿಯನ್ನು ಹೊಲಿದು, ಮುಂಭಾಗದ ನಾಲ್ಕು ದೀಪಗಳಿಗೆಂದು ನಾಲ್ಕು ಕಾಜು ಬಿಟ್ಟರು. ಮೂರನೆಯ ದಿನ ಅದು ಜ್ವರ ಬಂದ ಕೂಸಿನ ಹಾಗೆ ಕಾಯತೊಡಗಿದ್ದರಿಂದ ಅಂಗಿಯನ್ನು ಬಿಚ್ಚಿದೆವು.

ನಮ್ಮ ನಾಡಿನ ಅರಸರು ಐಹೊಳೆಯ ಗುಡ್ಡದ ಮೇಲೂ ಬಾದಾಮಿಯ ಬಂಡೆಯ ಮೇಲೂ ತಮಗೆ ಹೇಳಬೇಕಾದದ್ದನ್ನು ಕೊರೆಸಿಹೋದರು. ಒಮ್ಮೆ ಉಳಿಯ ಕೂಲಿಯನ್ನು ಕೊಟ್ಟರೆ ಮುಗಿಯಿತು. ಸಾವಿರ ವರ್ಷ ತಿಂಗಳ ಶುಲ್ಕವಿಲ್ಲ, ಅರ್ಥಿಂಗಿಗೆ ನೀರು ಹಾಕಬೇಕಾಗಿಲ್ಲ. ಆದರೆ ಕಲ್ಲಿನ ಸಂದೇಶಕ್ಕೆ ಒಂದು ಕೊರತೆಯಿದೆ: ಓದಬೇಕಾದವರು ಅದರ ಬಳಿಗೆ ನಡೆದುಬರಬೇಕು. ಮೈಸೂರಿನವರು ನಮ್ಮ ಮನೆಗೆ ನಡೆದುಬರುವಂತಿರಲಿಲ್ಲ.

ಹೊಸ ತಂತಿ ನೆಟ್ಟಗೆ ಬರಬೇಕಾದರೆ ಪಕ್ಕದ ದಾವಲಸಾಬರ ಅಂಗಳದ ಮೇಲೆ ಹಾಯಬೇಕಾಗಿತ್ತು. ದಾವಲಸಾಬರದು ತಲೆಮಾರುಗಳಿಂದ ನೂಲಿಗೆ ಬಣ್ಣ ಹಾಕುವ ಮನೆತನ. ಓಣಿಯ ಮಗ್ಗಗಳಿಗೆಲ್ಲ ಬಣ್ಣ ಅವರದೇ. ಅವರ ಕೈಗಳು ಮೊಣಕೈಯವರೆಗೆ ಒಂದೊಂದು ವಾರ ಒಂದೊಂದು ಬಣ್ಣದಲ್ಲಿರುತ್ತವೆ. ಊರಿನಲ್ಲಿ ಯಾವ ಬಣ್ಣ ಓಡುತ್ತಿದೆಯೆಂದು ತಿಳಿಯಲು ಅವರ ಕೈಯನ್ನು ನೋಡಿದರೆ ಸಾಕು. ಅಪ್ಪಣೆ ಕೇಳುವುದಕ್ಕೆ ಒಂದು ಮನವಿಯನ್ನು ಬರೆದುಕೊಂಡೇ ಹೋದೆ. ಅವರ ಹೆಂಡತಿ ಮಾಬುಬಿ ಅದನ್ನು ಮಡಚಿ ಸುಣ್ಣದ ಡಬ್ಬಿಯ ಕೆಳಗಿಟ್ಟು, “ತಂತಿ ಹಾಯ್ಲಿ ತಗೋರಿ ಅಕ್ಕಾರ. ಅಂಗಳಕ್ಕೇನ ಭಾರ ಆಗತೈತಿ? ಚಾ ಕುಡೀರಿ ಮದಲ” ಎಂದರು. ಪಕ್ಕದ ಮನೆಗೆ ಕಾಗದ ಹಿಡಿದು ಹೋದದ್ದಕ್ಕೆ ನನಗೇ ನಾಚಿಕೆಯಾಯಿತು.

ಬ್ರಾಡ್‌ಬ್ಯಾಂಡ್ ಬಂದಿತು. ಮೋಡೆಮಿನಲ್ಲಿ ಹಸಿರು ದೀಪ ನಿಶ್ಚಲವಾಗಿ ಉರಿಯಿತು. ವೈನಿ ಅದಕ್ಕೆ ಕುಂಕುಮ ಹಚ್ಚಿದರು. ಮೈಸೂರಿನಿಂದ ಮೊದಲ ಇ-ಮೇಲ್ ಬಂದಾಗ ಮಾತ್ರ ನನ್ನ ಕೈ ಕೆಂಪು ಶಾಯಿಯ ಲೇಖನಿಯನ್ನು ತಡಕಾಡಿತು. ಕನ್ನಡವೇ, ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ. ಅಲ್ಪಪ್ರಾಣವಿಲ್ಲ, ಮಹಾಪ್ರಾಣವಿಲ್ಲ, ಹ್ರಸ್ವದೀರ್ಘಗಳ ಗೊಡವೆಯಿಲ್ಲ. ಇನ್ನೂರು ಖಣಕ್ಕಾಗಿ ಅದೇ ಲಿಪಿಯಲ್ಲಿ ಉತ್ತರಿಸಿದೆ. ಆ ಪಾಪವನ್ನು ವೆಚ್ಚದ ಯಾವ ಸಾಲಿಗೆ ಸೇರಿಸಬೇಕೆಂದು ತಿಳಿಯಲಿಲ್ಲ.

ಆಮೇಲೆ ಶುರುವಾಯಿತು ಅದರ ಚೇಷ್ಟೆ. ಮುಂಜಾನೆ ಒಂಬತ್ತರವರೆಗೆ ದೀಪ ಹಸಿರು. ಒಂಬತ್ತೂವರೆಗೆ ಕಣ್ಣು ಪಿಳುಕಿಸತೊಡಗುತ್ತದೆ. ಹತ್ತಕ್ಕೆ ಸತ್ತುಹೋಗುತ್ತದೆ. ಮಧ್ಯಾಹ್ನ ಮೂರಕ್ಕೆ, ಏನೂ ಆಗಿಲ್ಲವೆಂಬಂತೆ ಎದ್ದು ಕೂಡುತ್ತದೆ. ನಾನು ಒಂದು ನೋಟುಪುಸ್ತಕದಲ್ಲಿ ಗೆರೆ ಎಳೆದು ವಾರ, ತಿಥಿ, ದೀಪ ಆರಿದ ಹೊತ್ತು, ಹೊತ್ತಿದ ಹೊತ್ತು, ಆಕಾಶದ ಸ್ಥಿತಿ ಎಂದು ಐದು ಅಂಕಣಗಳನ್ನು ಮಾಡಿದೆ. ಮೂರು ವಾರಗಳ ನಿರೀಕ್ಷಣೆಯ ಮೇಲೆ ಕಂಡುಬಂದ ಸತ್ಯವನ್ನು ನಾನೇ ನಂಬಲಾರದೆ ಹೋದೆ. ನಮ್ಮ ಬ್ರಾಡ್‌ಬ್ಯಾಂಡ್ ಶುಕ್ರವಾರಗಳಂದು ಮತ್ತು ಅಮಾವಾಸ್ಯೆಯಂದು ಇಡೀ ದಿನ ನಡೆಯುತ್ತಿತ್ತು. ಉಳಿದ ದಿನಗಳಲ್ಲಿ ಬಿಸಿಲು ಚುರುಕಾಗಿದ್ದರೆ ಬೇಗ ಏಳುತ್ತಿತ್ತು. ಮೋಡವಿದ್ದರೆ ಸಂಜೆಯವರೆಗೂ ಇಲ್ಲ.

“ಅಮಾಸಿಗಿ ಬಲಾ ಬರತೈತಿ ಅದಕ” ಎಂದರು ವೈನಿ. “ಶುಕ್ರವಾರದ್ದು ದೇವಿ ಕೃಪಾ.”

ಕಚೇರಿಗೆ ಹೋಗಿ ಇದನ್ನು ಹೇಗೆ ಹೇಳಲಿ? ಅಮಾವಾಸ್ಯೆಯಂದು ಮಾತ್ರ ಸರಿಯಿರುತ್ತದೆ ಎಂಬ ದೂರನ್ನು ಬರೆಯುವ ಧೈರ್ಯ ನನಗೆ ಬರಲಿಲ್ಲ. ಎರಡು ಸಲ ಬರೆದು ಎರಡು ಸಲವೂ ಹರಿದೆ.

ಹೀಗಿರುವಾಗ ಒಂದು ಗುರುವಾರ ಸಂಜೆ ಮೈಸೂರಿನಿಂದ ಕಡೆಯ ಮಾತು ಬಂದಿತು. ದಸರೆಯ ಸರಕಿನ ಪಟ್ಟಿಯನ್ನು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಮುಗಿಸುತ್ತಾರೆ. ಅಷ್ಟರೊಳಗೆ ನೂಲಿನ ಚಿತ್ರ ಬರದಿದ್ದರೆ ಬೇರೆ ಊರಿನವರಿಗೆ ಕೊಡುತ್ತಾರೆ. ದಾವಲಸಾಬರು ಶುಕ್ರವಾರ ಬಣ್ಣದ ಒಲೆಯನ್ನು ಹೊತ್ತಿಸುವುದಿಲ್ಲ. ಶನಿವಾರ ನಸುಕಿನಲ್ಲಿಯೇ ದಾಳಿಂಬರ ಕೆಂಪಿನಲ್ಲಿ ನಮ್ಮ ನೂಲನ್ನು ಅದ್ದಿ, ಒಂಬತ್ತಕ್ಕೆ ಒಣಹಾಕಿದರು. ಶ್ರಾವಣದ ಮೋಡ ಕವಿದಿತ್ತು. ಹಸಿ ನೂಲಿನ ಬಣ್ಣ ಸುಳ್ಳು ಹೇಳುತ್ತದೆ. ಒಣಗಿದ ಮೇಲೆಯೇ ಚಿತ್ರ ತೆಗೆಯಬೇಕು. ಒಣಗಿದ ಮೇಲೆ ಬಸ್ಸು ಹಿಡಿದು ಬಾಗಲಕೋಟೆಗೆ ಹೋಗುತ್ತೇನೆಂದರೆ ಎರಡು ಗಂಟೆ ದಾರಿಯಲ್ಲಿಯೇ ಹೊಡೆಯುತ್ತದೆ. ವೈನಿಯ ತಮ್ಮನಿಂದ ಎರವಲು ತಂದ ಡಿಜಿಟಲ್ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಕಾದೆ. ಹತ್ತಕ್ಕೆ ದೀಪ ಆರಿತು.

ಸಂಗಪ್ಪನಿಗೆ ಹೇಳಿಕಳುಹಿಸಿದೆ. ಹನ್ನೊಂದೂವರೆಗೆ ಬಂದ. ಪುಣ್ಯಕ್ಕೆ ಅಂದು ಕಂಬವನ್ನು ಮೊದಲು ಹತ್ತಿದ, ರೊಟ್ಟಿಯನ್ನು ಆಮೇಲಕ್ಕೆ ಇಟ್ಟ. ಸ್ವಲ್ಪ ಹೊತ್ತಿಗೆ ಮೇಲಿನಿಂದ ನಗೆಯ ಸದ್ದು ಕೇಳಿತು.

“ಅಕ್ಕಾರ, ನಿಮ್ಮ ಇಂಟರ್‌ನೆಟ್ಟಿಗಿ ಬಣ್ಣ ಹಾಕ್ಯಾರ್ರಿ.”

ನಾನು ಗೋಡೆಗೆ ಒರಗಿಸಿದ ನಿಚ್ಚಣಿಕೆಯನ್ನು ಹತ್ತಿ ದಾವಲಸಾಬರ ಅಂಗಳವನ್ನು ಇಣುಕಿ ನೋಡಿದೆ. ತಗ್ಗಾದ ಅವರ ಅಂಗಳದ ಮೇಲೆ ನಮ್ಮ ಕರಿಯ ತಂತಿ ಕೈಗೆಟಕುವಷ್ಟು ಎತ್ತರದಲ್ಲಿ ಹಾಯುತ್ತಿತ್ತು. ಅದರ ಉದ್ದಕ್ಕೂ ನೂಲಿನ ಲಡಿಗಳು, ದಾಳಿಂಬರ ಕೆಂಪಿನ ಹದಿನಾರು ಹಸಿ ಲಡಿಗಳು, ಸಾಲಾಗಿ ನೀರನ್ನು ತೊಟ್ಟಿಕ್ಕುತ್ತ ತೂಗುತ್ತಿದ್ದವು. ಭಾರಕ್ಕೆ ತಂತಿ ತೊಟ್ಟಿಲಿನ ಹಾಗೆ ಜೋತಿತ್ತು.

ಮೂರು ವಾರ ನಾನಿದನ್ನು ಕಾಣಲಿಲ್ಲವೇ? ಕಂಡಿದ್ದೆ. ಗೋಡೆಯ ಮೇಲಿನಿಂದ ಆ ಬಣ್ಣಗಳು ದಿನವೂ ತಲೆಯಾಡಿಸುತ್ತಿದ್ದವು. ಆದರೆ ಬಣ್ಣಗಾರರ ಅಂಗಳದಲ್ಲಿ ನೂಲು ತೂಗುವುದೆಂದರೆ ಆಕಾಶದಲ್ಲಿ ಹಕ್ಕಿ ಹಾರಿದಂತೆ. ಅದನ್ನು ಯಾರು ಅಂಕಣದಲ್ಲಿ ಬರೆಯುತ್ತಾರೆ? ಅಲ್ಲದೆ ನಮ್ಮ ಓಣಿಯಲ್ಲಿ ಎಲ್ಲಿಯೂ ಬರೆದಿಡದ ಒಂದು ಕಟ್ಟಳೆಯಿದೆ. ಯಾರ ಅಂಗಳದ ಮೇಲೆ ಹಗ್ಗ ಹಾಯುತ್ತದೆಯೋ ಅವರು ಅದರ ಮೇಲೆ ಒಣಹಾಕಬಹುದು. ಹಗ್ಗ ಯಾರದೆಂದು ಕೇಳುವುದು ಸಣ್ಣತನ. ನಾನು ಹುಟ್ಟಿದ ದಿನದಿಂದ ಈ ಕಟ್ಟಳೆಯಲ್ಲಿಯೇ ಬೆಳೆದವಳು. ನನ್ನ ಲಂಗಗಳೆಲ್ಲ ಮಂದಿಯ ಹಗ್ಗಗಳ ಮೇಲೆಯೇ ಒಣಗಿದವು. ತಂತಿಯನ್ನು ಎಳೆಸುವಾಗ ಅದು ಹಗ್ಗವಲ್ಲವೆಂದು ಹೇಳಬೇಕಾದವಳು ನಾನೇ. ಶುಕ್ರವಾರ, ಅಮಾವಾಸ್ಯೆಗಳ ಗುಟ್ಟೂ ಒಡೆಯಿತು. ಶುಕ್ರವಾರ ದಾವಲಸಾಬರ ಒಲೆ ಹೊತ್ತುವುದಿಲ್ಲ. ಅಮಾವಾಸ್ಯೆಗೆ ಊರಿನ ಮಗ್ಗಗಳೇ ನಡೆಯುವುದಿಲ್ಲ, ಅಂದು ಬಣ್ಣ ಯಾರಿಗೆ ಬೇಕು?

“ದಾವಲಸಾಬರ, ತಂತೀ ಮ್ಯಾಲ ಯಾಕ ಹಾಕಿದ್ರಿ?” ಎಂದೆ, ನಿಚ್ಚಣಿಕೆಯ ಮೇಲಿನಿಂದಲೇ.

ಅವರಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. “ನಿಮ್ಮದ ನೂಲ ಐತ್ರಿ ಅಕ್ಕಾರ. ನಿಮ್ಮ ನೂಲು, ನಿಮ್ಮ ತಂತಿ. ಮಂದೀದು ಹಾಕಿದ್ರ ಬೈರಿ.”

“ಮೂರ ವಾರದಿಂದ ಹಾಕಿದ್ದು?”

“ಅವು ಮಂದೀವು” ಎಂದು ಒಪ್ಪಿಕೊಂಡರು. “ಆದ್ರ ಭಾಳ ಪಸಂದ ಒಣಗತಾವ್ರಿ. ಎಲ್ಲೂ ನೆಳ್ಳ ಬೀಳಂಗಿಲ್ಲ.”

ಸಂಗಪ್ಪ ಮೇಲಿನಿಂದ ತೀರ್ಪು ಕೊಟ್ಟ: ಭಾರಕ್ಕೆ ಕಂಬದ ಮೇಲಿನ ಜೋಡಣೆ ಕಿತ್ತುಬಂದಿದೆ, ಈ ಸಲ ಅದು ತಾನಾಗಿ ಏಳುವುದಿಲ್ಲ, ನೂಲನ್ನು ಇಳಿಸದೆ ತಂತಿಯನ್ನು ಬಿಗಿಯಲಾಗುವುದಿಲ್ಲ. ದಾವಲಸಾಬರು ಅಡ್ಡ ಬಂದರು: ಅರೆಹಸಿ ನೂಲನ್ನು ನೆಲಕ್ಕೆ ಹಾಕಿದರೆ ಕಲೆ, ಗುಡ್ಡೆ ಹಾಕಿದರೆ ಪಟ್ಟೆಪಟ್ಟೆ, ಇದ್ದ ಗೂಟಗಳ ಮೇಲೆಲ್ಲ ಮಂದಿಯ ನೂಲಿದೆ. ನೂಲಿದ್ದರೆ ಇ-ಮೇಲ್ ಇಲ್ಲ. ಇ-ಮೇಲ್ ಬೇಕೆಂದರೆ ನೂಲಿಲ್ಲ. ಗಂಟೆ ಹನ್ನೆರಡಾಗಿತ್ತು. ವೈನಿಯ ಮುಖದಲ್ಲಿ ನನಗೆ ಕಟ್ಟಿಗೆ ಅಡ್ಡೆಯವನ ಬೆರಳು ಕಾಣುತ್ತಿತ್ತು.

ದಾರಿಯನ್ನು ಕಂಡುಕೊಂಡವರು ಮಾಬುಬಿ. “ಬಿದಿರಗಳಾ ಎರಡ ಅದಾವು. ಗೂಟ ಇಲ್ಲಂದ್ರ ಹೆಗಲ ಇಲ್ಲೇನ? ಹಿಡೀರಿ ನಡೀರಿ.”

ಹಿಡಿದೆವು. ಒಂದು ಗಳದ ತುದಿಗಳು ದಾವಲಸಾಬರ ಮತ್ತು ನನ್ನ ಹೆಗಲ ಮೇಲೆ. ಇನ್ನೊಂದರವು ಮಾಬುಬಿಯ ಮತ್ತು ವೈನಿಯ ಹೆಗಲ ಮೇಲೆ. ಎಂಟೆಂಟು ಲಡಿಗಳು. ಕದಲಿದರೆ ಲಡಿಗಳು ಒಂದಕ್ಕೊಂದು ಅಂಟುತ್ತವೆ; ಆದ್ದರಿಂದ ಕದಲುವಂತಿಲ್ಲ. ಮೋಡ ಸರಿದು ಬಿಸಿಲು ಬಂದ ಕಡೆಗೆ ನಾಲ್ವರೂ ಹೆಜ್ಜೆಗೆ ಹೆಜ್ಜೆ ಕೂಡಿಸಿ ಏಡಿಗಳ ಹಾಗೆ ಅಡ್ಡಡ್ಡ ಸರಿಯಬೇಕು. ಮಕ್ಕಳನ್ನು ಸಾಲಾಗಿ ನಿಲ್ಲಿಸುವುದರಲ್ಲಿ ಹದಿನೇಳು ವರ್ಷದ ಅನುಭವವಿದ್ದ ನಾನು ಅಂದು ಸ್ವತಃ ಸಾಲಿನಲ್ಲಿ ನಿಂತಿದ್ದೆ. ನನ್ನ ಬೆನ್ನಿನಲ್ಲಿ ಕೆಂಪು ನೀರು ಇಳಿಯುತ್ತಿತ್ತು. ಮೂಗಿನ ಮೇಲೆ ನೊಣ ಕೂತಿತು.

“ಅಕ್ಕಾರ, ಅಳಗ್ಯಾಡಬ್ಯಾಡ್ರಿ” ಎಂದರು ದಾವಲಸಾಬರು.

“ನೊಣ ಐತ್ರಿ.”

“ಇರ್ಲಿ. ಅದೂ ಒಂದೀಟ ಗಾಳಿ ಹಾಕತೈತಿ.”

ವೈನಿಗೆ ನಗು ಬಂದಿತು. ನಕ್ಕರೆ ಗಳ ಕುಣಿಯುತ್ತದೆ. ಗಳ ಕುಣಿದರೆ ಮಾಬುಬಿ ಬೈಯುತ್ತಾರೆ. ಬೈಗುಳವನ್ನು ಕೇಳಿದರೆ ವೈನಿಗೆ ಮತ್ತಷ್ಟು ನಗು. ಅಣ್ಣ ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಓಣಿಯ ಮಂದಿ ಕಟ್ಟೆಗಳ ಮೇಲೆ ಕೂತು ನೋಡುತ್ತಿದ್ದರು. ಯಾರೋ ನಮಗೆ ಬೆಲ್ಲ, ನೀರು ತಂದು ಬಾಯಿಗೆ ಹಾಕಿದರು. ಒಂದೂವರೆಗೆ ದಾವಲಸಾಬರು ಒಂದು ಎಳೆಯನ್ನು ಕೆನ್ನೆಗೆ ಒತ್ತಿ ನೋಡಿ, ಒಣಗಿತೆಂದರು. ಸಂಗಪ್ಪ ಆಗಲೇ ತಂತಿಯನ್ನು ಬಿಗಿದು ಕೆಳಗಿಳಿದು, ನನ್ನ ಕೊರಳಿನ ಕ್ಯಾಮೆರಾವನ್ನು ತೆಗೆದು ಹಿಡಿದಿದ್ದ. “ಹಿಂಗ ನಿಂದರ್ರಿ, ನಿಮ್ದೂ ಒಂದ ಹೊಡೀತೀನಿ” ಎಂದು ಮೊದಲು ನಮ್ಮದೊಂದು, ಆಮೇಲೆ ನೂಲಿನದೊಂದು ಚಿತ್ರ ತೆಗೆದ.

ಹಸಿರು ದೀಪ ಉರಿಯುತ್ತಿತ್ತು. ಕೆಂಪಾದ ಬೆರಳುಗಳಿಂದ ಕಾಗದವನ್ನು ಬೆರಳಚ್ಚಿಸಿದೆ. ಎರಡು ಸಲ ಓದಿದೆ. ಎರಡಕ್ಕೆ ನಾಲ್ಕು ನಿಮಿಷವಿರುವಾಗ ಕಳುಹಿಸಿ, ಕುರ್ಚಿಗೆ ಒರಗಿದೆ. ಸಂಜೆ ಇನ್ನೊಮ್ಮೆ ತೆರೆದು ನೋಡಿದಾಗ ಕಾಗದದಲ್ಲಿ ಒಂದು ತಪ್ಪೂ ಇರಲಿಲ್ಲ. ಆದರೆ ಅದಕ್ಕೆ ಲಗತ್ತಿಸಿದ್ದ ಚಿತ್ರ ನೂಲಿನದಾಗಿರಲಿಲ್ಲ. ನಾವು ನಾಲ್ವರು ಹೆಗಲ ಮೇಲೆ ಗಳ ಹೊತ್ತು ನಿಂತಿದ್ದೆವು. ನಾನು ನೊಣಕ್ಕೆ ಹೆದರಿ ಒಂದು ಕಣ್ಣನ್ನು ಮುಚ್ಚಿದ್ದೆ. ಸರಿಯಾದದ್ದನ್ನು ಕಳುಹಿಸೋಣವೆಂದರೆ ಗಡುವು ದಾಟಿಹೋಗಿತ್ತು. ಭಾನುವಾರವೆಲ್ಲ ವೈನಿಯ ಕಣ್ಣು ತಪ್ಪಿಸಿ ಓಡಾಡಿದೆ.

ಸೋಮವಾರ ಉತ್ತರ ಬಂದಿತು: ಚಿತ್ರವನ್ನು ಅಂಗಡಿಯ ಎಲ್ಲರಿಗೂ ತೋರಿಸಿದೆ, ಬಹಳ ಸಂತೋಷವಾಯಿತು. ಕೆಂಪು ನಮ್ಮಲ್ಲಿ ಬೇಕಾದಷ್ಟಿದೆ. ಬಲಗಡೆಯ ಕೊನೆಯಲ್ಲಿ ನಗುತ್ತ ನಿಂತಿದ್ದಾರಲ್ಲ, ಆ ತಾಯಿ ಉಟ್ಟ ಸೀರೆಯ ಬಣ್ಣದಲ್ಲಿ ಇನ್ನೂರು ಖಣ ಕೊಡಬಲ್ಲಿರಾ? ಒಪ್ಪಿದರೆ ಪಟ್ಟಿಯಲ್ಲಿ ನಿಮ್ಮ ಜಾಗ ಇರುತ್ತದೆ.

ಬಲಗಡೆಯ ಕೊನೆಯಲ್ಲಿದ್ದವರು ವೈನಿ. ಆ ಸೀರೆಯನ್ನು ಅಣ್ಣ ಮೊದಲ ಮಗ್ಗ ಹೂಡಿದ ವರ್ಷ ಇಳಕಲ್ಲಿಗೆ ಹೋಗಿ, ಬರುವಾಗ ಹುನಗುಂದದಲ್ಲಿ ಬಸ್ಸು ತಪ್ಪಿಸಿಕೊಂಡು ಮರುದಿನ ತಂದುಕೊಟ್ಟದ್ದು. ಆಗ ಅದು ನವಿಲುಬಣ್ಣದ ಇಳಕಲ್ಲ ಸೀರೆ. ಇಪ್ಪತ್ತು ವರ್ಷ ಒಗೆದು, ಹಿಂಡಿ, ಯಾರುಯಾರದೋ ಹಗ್ಗದ ಮೇಲೆ ಒಣಗಿ, ಅದು ಈಗ ಹಸಿರೂ ಅಲ್ಲ, ನೀಲಿಯೂ ಅಲ್ಲ. ಮಳೆ ನಿಂತ ಮೇಲೆ ಬಾದಾಮಿಯ ಕೆರೆ ತಾಳುವ ಒಂದು ಬಗೆಯ ಬಣ್ಣಕ್ಕೆ ಬಂದು ನಿಂತಿತ್ತು.

ದಾವಲಸಾಬರು ಬಾಗಿಲಲ್ಲಿ ನಿಂತು ಉಗುರು ಕಚ್ಚಿದರು. “ಹೊಸಾ ಬಣ್ಣ ಕೇಳಿದ್ರ ನಾಳೆ ಕೊಡ್ತಿದ್ನಿ. ಇಪ್ಪತ್ತ ವರ್ಷ ಒಗದ ಬಣ್ಣ ಒಂದ ವಾರದಾಗ ಹೆಂಗ ಕೊಡೂದ್ರಿ? ನೋಡ್ತೀನಿ. ಆದ್ರ ವೈನಿ, ಒಂದ ಚೂರು ಬೇಕಾಗತೈತಿ. ಕಣ್ಣಳತಿಲೆ ಆಗೂದಲ್ಲ.”

ವೈನಿ ಒಳಗೆ ಹೋದರು. ನಾನು ಬೇಡವೆನ್ನಲು ಏಳುವಷ್ಟರಲ್ಲಿ ಕತ್ತರಿಯ ಸದ್ದು ಕೇಳಿತು, ಒಂದೇ ಸಲ, ನೇರವಾಗಿ. ನಾಲ್ಕು ಬೆರಳಿನಗಲದ ತುಂಡನ್ನು ತಂದು ದಾವಲಸಾಬರ ಅಂಗೈಯಲ್ಲಿಟ್ಟು, “ನಿರಗಿ ಒಳಗ ಹೋಗೂ ಕಡೆ ಕತ್ತರಸೀನಿ, ಕಾಣಂಗಿಲ್ಲ” ಎಂದರು.

ಮೊದಲ ಬಣ್ಣವನ್ನು ತುಂಡಿನ ಮಗ್ಗುಲಲ್ಲಿ ಹಿಡಿದು ನೋಡಿ ದಾವಲಸಾಬರೇ ತಲೆಯಲ್ಲಾಡಿಸಿದರು: “ಇದು ಎಂಟ ವರ್ಷದ್ದಾತು.” ಎರಡನೆಯದು ಹದಿನೈದು ವರ್ಷದ್ದಾಯಿತು. ಮೂರನೆಯ ದಿನ, ಹಿಂದಿನ ವಾರದ ಉಳಿದ ಬಣ್ಣದ ನೀರನ್ನು ಕೂಡಿಸಿ ಅದ್ದಿ ಒಣಗಿಸಿದ ಲಡಿಯನ್ನು ಹಿಡಿದುಕೊಂಡು ಬಂದರು. ಅದರ ಮೇಲೆ ವೈನಿಯ ತುಂಡನ್ನು ಇಟ್ಟರು. ತುಂಡು ಎಲ್ಲಿದೆಯೆಂದು ನಾನು ಬೆರಳಾಡಿಸಿ ಹುಡುಕಬೇಕಾಯಿತು. ಈ ಸಲ ಚಿತ್ರವನ್ನು ಮೂರು ಸಲ ನೋಡಿ ಕಳುಹಿಸಿದೆ. ಮೈಸೂರಿನಿಂದ ಒಂದೇ ಸಾಲಿನಲ್ಲಿ ಒಪ್ಪಿಗೆ ಬಂದಿತು. ಬೆಕ್ಕು ಮರಿಗಳ ಸಮೇತ ಅಡುಗೆಮನೆಗೆ ಸ್ಥಳಾಂತರಗೊಂಡಿತು, ಶೇಂಗಾದ ಚೀಲಗಳು ನನ್ನ ಮಂಚದ ಕೆಳಗೆ ಬಂದವು.

ಇನ್ನೂರು ಖಣಗಳು ಅರ್ಧ ಮುಗಿದಿದ್ದಾಗ ಮೈಸೂರಿನವರು ಇನ್ನೊಂದು ಪ್ರಶ್ನೆಯನ್ನು ಕಳುಹಿಸಿದರು. ಖಣಕ್ಕೆ ಕಟ್ಟುವ ಚೀಟಿಯ ಮೇಲೆ ಬಣ್ಣದ ಹೆಸರನ್ನು ಬರೆಯಬೇಕು, ಇದರ ಹೆಸರೇನು? ಇಂಥ ಕೆಲಸಕ್ಕೆಂದೇ ಹುಟ್ಟಿದವಳು ನಾನು. ನಿಘಂಟನ್ನು ತೆರೆದು, ಸಮಾಸಗಳನ್ನು ಕೂಡಿಸಿ, ಒಂಬತ್ತು ಹೆಸರುಗಳನ್ನು ಸಿದ್ಧಪಡಿಸಿ ಮಗ್ಗದ ಕೋಣೆಗೆ ಹೋಗಿ ಓದಿದೆ. ವೈನಿ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುತ್ತಿದ್ದರು. ‘ಮಯೂರನೀಲಶೇಷ’ ಎಂಬಲ್ಲಿಗೆ ಬಂದಾಗ ಲಾಳಿ ಅವರ ಕೈಯಿಂದ ಜಾರಿತು.

“ಇದೇನ ಬಣ್ಣದ ಹೆಸರೋ ಸ್ವಾಮಿಗೋಳ ಹೆಸರೋ?”

“ಹಂಗಾದ್ರ ಹಳೇ ಸೀರಿ ಬಣ್ಣ ಅಂತ ಬರೀಲೇನ್ರಿ?”

ವೈನಿ ಏನೋ ಹೇಳಿದರು. ನಾಲ್ಕೂ ಮಗ್ಗಗಳು ಒಟ್ಟಿಗೆ ಬಡಿಯುತ್ತಿದ್ದುದರಿಂದ ನನಗೆ ಕೇಳಿಸಲಿಲ್ಲ. ಏನಂದಿರೆಂದು ಸನ್ನೆ ಮಾಡಿದೆ. ಅವರು ಮಗ್ಗವನ್ನು ನಿಲ್ಲಿಸಲಿಲ್ಲ; ದನಿಯನ್ನಷ್ಟೇ ಏರಿಸಿದರು.

“ಹಳೇದು ಅನಬ್ಯಾಡ. ಮೈಗಿ ರೂಢಿ ಆಗಿದ್ದು ಅಂತ ಬರಿ.”

ಒಂಬತ್ತು ಹೆಸರುಗಳ ಹಾಳೆಯನ್ನು ಮಡಚಿ, ಹೋಗಿ ಹಾಗೆಯೇ ಬರೆದು ಕಳುಹಿಸಿದೆ.